ಗಮನ ಕೊಟ್ಟಾಗ ಮಿದುಳಿಗೆ ರಕ್ತ ನುಗ್ಗುತ್ತದೆಯೇ?

ಪ್ರಶ್ನೆ: ಯಾವುದಾದರೂ ಒಂದರ ಮೇಲೆ ಗಮನವಿಟ್ಟಾಗ ಮಿದುಳಿನ ಒಂದು ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ ಎಂದು ಓದಿದ್ದೇನೆ. ಸ್ಕ್ಯಾನ್ ಚಿತ್ರಗಳಲ್ಲಿ ಕೆಂಪು, ಹಳದಿ ಮಚ್ಚೆಗಳನ್ನೂ ನೋಡಿದ್ದೇನೆ. ರಕ್ತ ಹೋದದ್ದರಿಂದ ನಮಗೆ ವಸ್ತು ಕಾಣುತ್ತದೆಯೋ, ಕಂಡದ್ದರಿಂದ ರಕ್ತ ಹೋಗುತ್ತದೆಯೋ? ರಕ್ತಸಂಚಾರ ಹೆಚ್ಚಿಸಿಕೊಂಡರೆ ಏಕಾಗ್ರತೆಯೂ ಹೆಚ್ಚುತ್ತದೆಯೇ? ನೀಲಿ ಆಕಾಶವನ್ನು ದಿಟ್ಟಿಸಿದಾಗ ಕಣ್ಣೆದುರು ಓಡಾಡುವ ಬೆಳಕಿನ ಚುಕ್ಕೆಗಳು ಮಿದುಳಿನ ರಕ್ತವೇ?

ಉತ್ತರ: ನರಕೋಶಗಳು ಮೊದಲು ಕೆಲಸಕ್ಕಿಳಿಯುತ್ತವೆ, ರಕ್ತ ಒಂದೆರಡು ಸೆಕೆಂಡು ತಡವಾಗಿ ಹಿಂದೆ ಬರುತ್ತದೆ. ನೀವು ಒಂದು ಮುಖವನ್ನು ಕಂಡು ಗುರುತು ಹಿಡಿದು ತಲೆಯಾಡಿಸಿದ ಮೇಲಷ್ಟೇ ಆ ಗುರುತಿಸುವಿಕೆಗೆ ಬೇಕಾದ ಹೆಚ್ಚುವರಿ ರಕ್ತ ಅಲ್ಲಿಗೆ ಮುಟ್ಟುತ್ತದೆ. ಹಾಗಾಗಿ ಕಾಣುವುದಕ್ಕೆ ಈ ಹೆಚ್ಚುವರಿ ರಕ್ತ ಕಾರಣವಾಗಲಾರದು. ಆದರೆ ಇರಬೇಕಾದಷ್ಟು ರಕ್ತ ಇಲ್ಲದಿದ್ದರೆ ಕಾಣುವುದೂ ಇಲ್ಲ, ಗಮನವೂ ನಿಲ್ಲುವುದಿಲ್ಲ. ರಕ್ತ ಕಡಿಮೆಯಾದರೆ ಗಮನ ಕೆಡುತ್ತದೆ. ಸಾಕಷ್ಟಿರುವಾಗ ಇನ್ನಷ್ಟು ಹರಿಸಿದರೆ ಗಮನ ಏರುವುದಿಲ್ಲ. ನಿಮ್ಮ ಎಲ್ಲ ಪ್ರಶ್ನೆಗಳೂ ಈ ಓರೆ ಸಂಬಂಧದ ಸುತ್ತಲೇ ಇವೆ. ಒಂದೊಂದಾಗಿ ನೋಡೋಣ.

ಒಟ್ಟು ಲೆಕ್ಕದಿಂದ ಶುರು ಮಾಡಬೇಕು, ಏಕೆಂದರೆ ಹೆಚ್ಚಿನ ತಪ್ಪು ಕಲ್ಪನೆ ಇಲ್ಲೇ ಹುಟ್ಟುತ್ತದೆ. ವಯಸ್ಕರ ಮಿದುಳು ಸುಮಾರು 1,400 ಗ್ರಾಂ, ಅಂದರೆ ದೇಹದ ತೂಕದ ಶೇ. 2ರಷ್ಟು. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ನಿಮಿಷಕ್ಕೆ ಸುಮಾರು 700ರಿಂದ 750 ಮಿಲಿಲೀಟರ್ ರಕ್ತ, 100 ಗ್ರಾಂ ಅಂಗಾಂಶಕ್ಕೆ ಸರಾಸರಿ 50 ಮಿಲಿಲೀಟರ್. ನರಕೋಶಗಳ ಒಡಲುಗಳಿರುವ ಬೂದು ಭಾಗಕ್ಕೆ ಸರಾಸರಿಗಿಂತ ಹೆಚ್ಚು, ನರತಂತುಗಳ ಬಿಳಿ ಭಾಗಕ್ಕೆ ಅದರ ಮೂರನೇ ಒಂದರಷ್ಟು ಪಾಲು. ನೀವು ಲೆಕ್ಕ ಮಾಡುತ್ತಿರಿ, ಸುಮ್ಮನೆ ಗೋಡೆ ನೋಡುತ್ತಿರಿ, ಈ ಒಟ್ಟು ಮೊತ್ತ ಅಷ್ಟಾಗಿ ಅಲುಗುವುದಿಲ್ಲ. 1940ರ ದಶಕದಲ್ಲಿ ಕೆಟಿ ಮತ್ತು ಶ್ಮಿಟ್ ನೈಟ್ರಸ್ ಆಕ್ಸೈಡ್ ಉಸಿರಾಡಿಸಿ ಇಡೀ ಮಿದುಳಿನ ರಕ್ತಹರಿವನ್ನು ಅಳೆಯುವ ವಿಧಾನ ಕಂಡುಹಿಡಿದರು. ಅದೇ ವಿಧಾನದಿಂದ 1955ರಲ್ಲಿ ಮನಸ್ಸಿನಲ್ಲೇ ಲೆಕ್ಕ ಮಾಡುವವರನ್ನು ಅಳೆದು ನೋಡಿದಾಗ ಒಟ್ಟು ಹರಿವಿನಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ವಿಶ್ರಾಂತಿ ಎಂದು ನಾವು ಕರೆಯುವ ಸ್ಥಿತಿಯಲ್ಲೂ ಮಿದುಳು ಪೂರ್ತಿ ದುಡಿಯುತ್ತಲೇ ಇರುತ್ತದೆ. ಒಂದು ಕೆಲಸದ ಮೇಲೆ ಗಮನವಿಟ್ಟಾಗ ಸೇರುವ ಶಕ್ತಿಯ ಖರ್ಚು ಆ ಮೂಲ ಖರ್ಚಿನ ಶೇ. 5ಕ್ಕಿಂತ ಕಡಿಮೆ.

ಬದಲಾಗುವುದು ಹಂಚಿಕೆ. ಕೆಲಸ ಜೋರಾದ ಕೆಲವು ಮಿಲಿಮೀಟರ್ ಜಾಗಕ್ಕೆ ಹರಿವು ಏರುತ್ತದೆ, ಬೇರೆ ಕೆಲವು ಕಡೆ ಇಳಿಯುತ್ತದೆ. ಹೊರಗಿನ ಕೆಲಸದಲ್ಲಿ ತೊಡಗಿದಾಗ ನಿಯಮಿತವಾಗಿ ಇಳಿಯುವ ಜಾಗಗಳದ್ದೇ ಒಂದು ಜಾಲವಿದೆ. ಹಣೆಯ ಹಿಂದಿನ ನಡುಭಾಗ, ಮಿದುಳಿನ ಹಿಂಬದಿಯ ಒಳಮಡಿಕೆ, ಎರಡೂ ಪಕ್ಕದ ಪರೈಟಲ್ ಭಾಗದ (ನೆತ್ತಿಯ ಹಿಂಬದಿಯ ಕೆಳಗಿರುವ ಮಿದುಳಿನ ಪಾಲು) ಕೆಳಅಂಚು ಅದರಲ್ಲಿ ಸೇರಿವೆ. ಮನಸ್ಸು ತನ್ನಷ್ಟಕ್ಕೆ ಅಲೆಯುವಾಗ ಇದು ಚುರುಕಾಗಿರುತ್ತದೆ. 2001ರಲ್ಲಿ ರೈಕ್ಲ್ ಮತ್ತು ಜೊತೆಗಾರರು ಇದನ್ನು ಮಿದುಳಿನ ಡಿಫಾಲ್ಟ್ ಸ್ಥಿತಿ ಎಂದು ಕರೆದರು, ಹೆಸರು ನಿಂತುಬಿಟ್ಟಿತು.

ಈ ಸ್ಥಳೀಯ ಏರಿಕೆಯನ್ನು ಕಿವಿಯಿಂದಲೇ ಕೇಳಿದ ಪ್ರಸಂಗವೊಂದಿದೆ. 1928ರಲ್ಲಿ ಜಾನ್ ಫುಲ್ಟನ್ ವರದಿ ಮಾಡಿದ ರೋಗಿಗೆ ತಲೆಯ ಹಿಂಭಾಗದಲ್ಲಿ, ದೃಷ್ಟಿಯ ಪ್ರದೇಶದ ಮೇಲೆಯೇ, ಅಪಧಮನಿಗಳೂ ಅಭಿಧಮನಿಗಳೂ ಗೋಜಲುಗೋಜಲಾಗಿ ಹೆಣೆದುಕೊಂಡಿದ್ದವು. ಶಸ್ತ್ರಚಿಕಿತ್ಸೆಯ ನಂತರ ಅಲ್ಲಿ ತಲೆಬುರುಡೆಯ ಮೂಳೆ ಇರಲಿಲ್ಲ. ಸ್ಟೆತಾಸ್ಕೋಪ್ ಇಟ್ಟರೆ ರಕ್ತ ಹರಿಯುವ ಸದ್ದು ಸೊಂಯ್ ಎಂದು ಕೇಳುತ್ತಿತ್ತು. ಕಣ್ಣಿಗೆ ವಿಶ್ರಾಂತಿ ಕೊಟ್ಟು ಕೂತಿದ್ದವರು ಓದಲು ತೊಡಗಿದರೆ ಸದ್ದು ಜೋರಾಗುತ್ತಿತ್ತು, ಓದು ನಿಲ್ಲಿಸಿದರೆ ತಗ್ಗುತ್ತಿತ್ತು. ಕಿವಿಗೊಟ್ಟು ಏನನ್ನಾದರೂ ಆಲಿಸಿದಾಗ, ವಾಸನೆ ನೋಡಿದಾಗ ಹಾಗಾಗುತ್ತಿರಲಿಲ್ಲ. ಸ್ಕ್ಯಾನರ್‌ಗಳು ಬರುವುದಕ್ಕೆ ಅರ್ಧ ಶತಮಾನ ಮುಂಚೆಯೇ ಸಿಕ್ಕ ಪುರಾವೆ ಇದು: ಯಾವ ಇಂದ್ರಿಯಕ್ಕೆ ಕೆಲಸವೋ ಆ ಪ್ರದೇಶಕ್ಕೆ ರಕ್ತ.

ರಕ್ತ ಹೇಗೆ, ಎಷ್ಟು ಹೊತ್ತಿಗೆ ಬರುತ್ತದೆ

ಕಣ್ಣೆದುರು ಒಂದು ಚಿತ್ರ ಮಿಂಚಿತು ಎಂದುಕೊಳ್ಳಿ. 50ರಿಂದ 70 ಮಿಲಿಸೆಕೆಂಡಿನೊಳಗೆ ತಲೆಯ ಹಿಂಭಾಗದ ಪ್ರಾಥಮಿಕ ದೃಷ್ಟಿ ಪ್ರದೇಶ ಪ್ರತಿಕ್ರಿಯಿಸಿರುತ್ತದೆ. ಅದು ಮುಖವಾಗಿದ್ದರೆ 170 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಖಕ್ಕೆ ವಿಶಿಷ್ಟವಾದ ವಿದ್ಯುತ್ ಅಲೆ ಇಇಜಿಯಲ್ಲಿ (ತಲೆಯ ಮೇಲೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಳೆಯುವ ವಿಧಾನ) ಕಾಣುತ್ತದೆ. ಅರ್ಧ ಸೆಕೆಂಡಿನೊಳಗೆ ನೀವು ಗುಂಡಿ ಒತ್ತಿ ಉತ್ತರ ಕೊಟ್ಟಿರಬಹುದು. ರಕ್ತದ ಏರಿಕೆ ಸ್ಕ್ಯಾನರ್‌ನಲ್ಲಿ ಗೋಚರಿಸಲು ಒಂದರಿಂದ ಎರಡು ಸೆಕೆಂಡು ಬೇಕು, ತುತ್ತತುದಿ ಮುಟ್ಟಲು 5ರಿಂದ 6 ಸೆಕೆಂಡು. ನಂತರ ಇಳಿದು, ಮೂಲಮಟ್ಟಕ್ಕಿಂತ ಸ್ವಲ್ಪ ಕೆಳಗೇ ಹೋಗಿ, ಮತ್ತೆ ಸಮಕ್ಕೆ ಬರಲು ಒಟ್ಟು 20 ಸೆಕೆಂಡು ಮೀರಬಹುದು. ಒಂದು ಕ್ಷಣದ ನೋಟಕ್ಕೆ ಇಷ್ಟು ಉದ್ದದ ಬಾಲ.

ರಕ್ತವನ್ನು ಕರೆಯುವವರು ಯಾರು? ಆಮ್ಲಜನಕ ಖಾಲಿಯಾದ ಕೋಶ ಹಸಿವಿನಿಂದ ಕೂಗಿ ರಕ್ತ ತರಿಸಿಕೊಳ್ಳುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. ಈಗ ತಿಳಿದಿರುವಂತೆ ಬಹುಪಾಲು ಕರೆ ಮುಂಗಡವಾಗಿಯೇ ಹೊರಡುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸಲು ಗ್ಲುಟಮೇಟ್ ಬಿಡುತ್ತವೆ. ಅದೇ ಗ್ಲುಟಮೇಟ್ ಕೆಲವು ಕೋಶಗಳಲ್ಲಿ ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಯನ್ನು ಎಬ್ಬಿಸುತ್ತದೆ. ರಕ್ತನಾಳಗಳನ್ನು ತಮ್ಮ ಪಾದಗಳಿಂದ ತಬ್ಬಿಕೊಂಡಿರುವ ಆಸ್ಟ್ರೊಸೈಟ್ ಕೋಶಗಳೂ ಈ ಕರೆಯಲ್ಲಿ ಕೈಜೋಡಿಸುತ್ತವೆ. ಚುರುಕಾದ ನರಕೋಶಗಳಿಂದ ಹೊರಬೀಳುವ ಪೊಟ್ಯಾಸಿಯಂ ಲೋಮನಾಳದ ಗೋಡೆಯಲ್ಲಿ ವಿದ್ಯುತ್ ಸಂಕೇತ ಹುಟ್ಟಿಸುತ್ತದೆ. ಅದು ಹರಿವಿಗೆ ಎದುರಾಗಿ, ಮೇಲ್ಭಾಗದ ಕಿರುಧಮನಿಯವರೆಗೆ ಓಡುತ್ತದೆ. ಕಿರುಧಮನಿಯ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ನಾಳದಲ್ಲಿ ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ ಸಣ್ಣ ಹಿಗ್ಗುವಿಕೆಯೂ ದೊಡ್ಡ ಕೆಲಸ ಮಾಡುತ್ತದೆ. ಒತ್ತಡ ಅಷ್ಟೇ ಇದ್ದು ವ್ಯಾಸ ಶೇ. 10 ಹೆಚ್ಚಿದರೆ, ಆ ತುಂಡಿನ ಮಟ್ಟಿಗೆ ಹರಿವು ಶೇ. 46 ಹೆಚ್ಚುತ್ತದೆ.

ಮುಂಗಡ ಕರೆಯಾದ್ದರಿಂದ ರಕ್ತ ಬೇಕಾದದ್ದಕ್ಕಿಂತ ಧಾರಾಳವಾಗಿಯೇ ಬರುತ್ತದೆ. ರಕ್ತಕ್ಕೆ ವಿಕಿರಣಶೀಲ ಗುರುತು ಸೇರಿಸಿ ಅಳೆಯುವ ಪೆಟ್ ಸ್ಕ್ಯಾನ್ ಬಳಸಿ ಫಾಕ್ಸ್ ಮತ್ತು ರೈಕ್ಲ್ 1986ರಲ್ಲಿ ತೋರಿಸಿದ ಅಂಕಿಗಳನ್ನು ನೋಡಿ: ಬೆರಳುಗಳಿಗೆ ಕಂಪನ ಕೊಟ್ಟಾಗ ಸ್ಪರ್ಶದ ಪ್ರದೇಶದಲ್ಲಿ ರಕ್ತಹರಿವು ಶೇ. 29 ಏರಿತು, ಆಮ್ಲಜನಕದ ಬಳಕೆ ಏರಿದ್ದು ಶೇ. 5 ಮಾತ್ರ. 1988ರಲ್ಲಿ ದೃಷ್ಟಿಯ ಪ್ರದೇಶದಲ್ಲಿ ಅಳೆದಾಗ ಹರಿವು ಮತ್ತು ಗ್ಲೂಕೋಸ್ ಬಳಕೆ ಎರಡೂ ಸುಮಾರು ಶೇ. 50 ಏರಿದವು, ಆಮ್ಲಜನಕದ ಬಳಕೆ ಮಾತ್ರ ಅದೇ ಶೇ. 5ರ ಸುತ್ತ ನಿಂತಿತು. ಅಂದರೆ ದುಡಿಯುತ್ತಿರುವ ಜಾಗದಿಂದ ಹೊರಬರುವ ರಕ್ತದಲ್ಲಿ ಆಮ್ಲಜನಕ ಮೊದಲಿಗಿಂತ ಹೆಚ್ಚೇ ಉಳಿದಿರುತ್ತದೆ. ಮೊದಲ ಸಲ ಕೇಳುವವರಿಗೆ ಇದು ತಿರುಗುಮುರುಗಾಗಿ ತೋರುತ್ತದೆ. ಆದರೆ ಕಾಂತಕ್ಷೇತ್ರ ಬಳಸಿ ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಎಂಬ ಇಡೀ ತಂತ್ರ ನಿಂತಿರುವುದೇ ಈ ಉಳಿಕೆಯ ಮೇಲೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕದಡುತ್ತದೆ, ಆಮ್ಲಜನಕ ಹೊತ್ತದ್ದು ಕದಡುವುದಿಲ್ಲ. ಈ ಗುಣ 1936ರಲ್ಲೇ ಪಾಲಿಂಗ್ ಮತ್ತು ಕೊರಿಯೆಲ್ ಅವರಿಗೆ ತಿಳಿದಿತ್ತು. 1990ರಲ್ಲಿ ಸೇಜಿ ಒಗಾವಾ ಇದನ್ನು ಮಿದುಳಿನ ಚಿತ್ರಣಕ್ಕೆ ಬಳಸಿದರು. ತಾಜಾ ರಕ್ತ ತುಂಬಿ ಬಂದ ಕಡೆ ಕದಡುವ ಹಿಮೋಗ್ಲೋಬಿನ್ ಕೊಚ್ಚಿಹೋಗಿ ಸಂಕೇತ ತುಸು ಬೆಳಗುತ್ತದೆ. ಎಷ್ಟು ತುಸು ಎಂದರೆ, 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರದಲ್ಲಿ ಜೋರಾದ ಬೆಳಕಿನ ಚಿತ್ರಕ್ಕೆ ಶೇ. 1ರಿಂದ 3. ಗಮನದ ಪರಿಣಾಮ ಇನ್ನೂ ಸಣ್ಣದು, ಎಷ್ಟೋ ಸಲ ಶೇ. ಅರ್ಧದಷ್ಟೂ ಇರುವುದಿಲ್ಲ.

ಗಮನ ಎಂಬುದು ರಕ್ತದಲ್ಲಿ ಹೇಗೆ ಕಾಣುತ್ತದೆ

ಕಣ್ಣಿಗೆ ಬೀಳುವುದು ಬದಲಾಗದೆ ಗಮನ ಮಾತ್ರ ಬದಲಾದರೆ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಇದಕ್ಕಾಗಿ 1999ರಲ್ಲಿ ಓಕ್ರೇವನ್, ಡೌನಿಂಗ್ ಮತ್ತು ಕಾನ್‌ವಿಶರ್ ಮಾಡಿದ ಪ್ರಯೋಗ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದವುಗಳಲ್ಲಿ ಒಂದು. ಒಂದು ಮುಖದ ಚಿತ್ರ, ಒಂದು ಮನೆಯ ಚಿತ್ರ, ಎರಡನ್ನೂ ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಇಟ್ಟು ತೋರಿಸಿದರು. ಎರಡರಲ್ಲಿ ಒಂದು ತುಸು ಅಲುಗಾಡುತ್ತಿತ್ತು. ಕಣ್ಣಿನ ಮೇಲೆ ಬೀಳುವ ಬೆಳಕು ಅದೇ, ಜಾಗವೂ ಅದೇ. ಮುಖದ ಮೇಲೆ ಗಮನವಿಡಿ ಎಂದರೆ ಮಿದುಳಿನ ಕೆಳಬದಿಯಲ್ಲಿ ಮುಖಗಳಿಗೆಂದೇ ಚುರುಕಾಗುವ ಜಾಗದ ಸಂಕೇತ ಏರಿತು. ಮನೆಯ ಮೇಲೆ ಎಂದರೆ ಕಟ್ಟಡ, ಸ್ಥಳಗಳಿಗೆ ಸ್ಪಂದಿಸುವ ಜಾಗದ್ದು. ಅಲುಗಾಟವನ್ನು ಗಮನಿಸಿ ಎಂದಾಗ ಚಲನೆಯ ಪ್ರದೇಶ ಏರಿತು, ಅದರ ಜೊತೆಗೆ ಅಲುಗಾಡುತ್ತಿದ್ದದ್ದು ಮುಖವಾಗಿದ್ದರೆ ಮುಖದ ಜಾಗವೂ ಏರಿತು. ಗಮನ ಒಂದು ಗುಣವನ್ನು ಹಿಡಿದರೆ ಆ ವಸ್ತುವಿನ ಉಳಿದ ಗುಣಗಳನ್ನೂ ಸೆಳೆದು ತರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನೋಡಲು ಏನೂ ಇಲ್ಲದಾಗಲೂ ಇದು ನಡೆಯುತ್ತದೆ. ಪರದೆಯ ಒಂದು ಮೂಲೆಯಲ್ಲಿ ಏನೋ ಬರಲಿದೆ ಎಂದು ಹೇಳಿ ಹತ್ತು ಸೆಕೆಂಡಿನಷ್ಟು ಕಾಯಿಸಿದರೆ, ಖಾಲಿ ಪರದೆ ನೋಡುತ್ತಿರುವಾಗಲೇ ಆ ಮೂಲೆಗೆ ಸಂಬಂಧಿಸಿದ ದೃಷ್ಟಿ ಪ್ರದೇಶಗಳಲ್ಲಿ ಸಂಕೇತ ಮೇಲೇರುತ್ತದೆ. ಸಬೀನೆ ಕಾಸ್ಟ್ನರ್ ತಂಡ 1999ರಲ್ಲಿ ಇದನ್ನು ತೋರಿಸಿತು. ಈ ಆದೇಶ ಹೊರಡುವುದು ಪರೈಟಲ್ ಭಾಗದ ಒಂದು ಆಳದ ಸೀಳಿನ ಸುತ್ತಲಿಂದ, ಮತ್ತು ಕಣ್ಣಿನ ಚಲನೆಯನ್ನು ಆಳುವ ಮುಂಭಾಗದ ಒಂದು ಪಟ್ಟಿಯಿಂದ. ಕಣ್ಣು ಕದಲಿಸದೆ ಗಮನವನ್ನಷ್ಟೇ ಸರಿಸಿದಾಗಲೂ ಕಣ್ಣಿನ ಚಲನೆಯ ಪ್ರದೇಶವೇ ದುಡಿಯುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಇಲ್ಲಿ ರಕ್ತ ಹೇಳುವ ಕತೆಯನ್ನು ಪೂರ್ತಿ ನಂಬಬಾರದು. ಎರಡು ಕಾರಣ ಕೊಡುತ್ತೇನೆ.

ಒಂದು, ರಕ್ತಕ್ಕೆ ಹಿಂದು ಮುಂದು ಗೊತ್ತಾಗುವುದಿಲ್ಲ. ಗಮನವಿಟ್ಟಾಗ ಪ್ರಾಥಮಿಕ ದೃಷ್ಟಿ ಪ್ರದೇಶದಲ್ಲಿ ಎಫ್‌ಎಂಆರ್‌ಐ ಸಂಕೇತ ಹೆಚ್ಚುತ್ತದೆ. ಆದರೆ ಇಇಜಿಯಲ್ಲಿ ನೋಡಿದರೆ ಆ ಪ್ರದೇಶದಿಂದ ಬರುವ ಮೊತ್ತಮೊದಲ ಅಲೆ ಅನೇಕ ಪ್ರಯೋಗಗಳಲ್ಲಿ ಗಮನದಿಂದ ಬದಲಾಗುವುದೇ ಇಲ್ಲ. ಬದಲಾವಣೆ 80 ಮಿಲಿಸೆಕೆಂಡಿನ ನಂತರ, ಮುಂದಿನ ಪ್ರದೇಶಗಳಲ್ಲಿ ಶುರುವಾಗುತ್ತದೆ. ಹೀಗಾಗಿ ಸ್ಕ್ಯಾನ್‌ನಲ್ಲಿ ಕಂಡ ಏರಿಕೆಯ ದೊಡ್ಡ ಪಾಲು ಮೇಲಿನ ಪ್ರದೇಶಗಳಿಂದ ಮರಳಿ ಬಂದ ಸಂದೇಶದ್ದು ಎಂಬುದು ಒಪ್ಪುವಂಥ ವಿವರಣೆ. ಹೋಗುವ ಸಂದೇಶ, ಮರಳುವ ಸಂದೇಶ ಎರಡೂ ಆರು ಸೆಕೆಂಡಿನ ಒಂದೇ ಉಬ್ಬಿನಲ್ಲಿ ಕಲಸಿಹೋಗುತ್ತವೆ. 2001ರಲ್ಲಿ ಲೋಗೊಥೆಟಿಸ್ ತಂಡ ಕೋತಿಗಳಲ್ಲಿ ವಿದ್ಯುತ್ ಮತ್ತು ಎಫ್‌ಎಂಆರ್‌ಐ ಒಟ್ಟಿಗೆ ಅಳೆದಾಗಲೂ ರಕ್ತದ ಸಂಕೇತ ನರಕೋಶಗಳು ಹೊರಕ್ಕೆ ಹಾರಿಸುವ ಮಿಡಿತಗಳಿಗಿಂತ ಆ ಜಾಗಕ್ಕೆ ಒಳಬರುವ ಸಂದೇಶಗಳ ಮತ್ತು ಒಳಗಿನ ಸಂಸ್ಕರಣೆಯ ಜೊತೆ ಚೆನ್ನಾಗಿ ತಾಳೆಯಾಯಿತು.

ಎರಡು, ರಕ್ತ ನಿರೀಕ್ಷೆಯಿಂದಲೂ ಬರುತ್ತದೆ. ಸಿರೋಟಿನ್ ಮತ್ತು ದಾಸ್ 2009ರಲ್ಲಿ ಎಚ್ಚರದ ಕೋತಿಗಳನ್ನು ಬಹುತೇಕ ಕತ್ತಲಲ್ಲಿ ಕೂರಿಸಿ, ನಿಗದಿತ ಲಯದಲ್ಲಿ ಕೆಲಸ ಕೊಟ್ಟರು. ಮುಂದಿನ ಸರದಿ ಬರುವ ಹೊತ್ತಿಗೆ ಸರಿಯಾಗಿ ದೃಷ್ಟಿ ಪ್ರದೇಶಕ್ಕೆ ರಕ್ತ ತುಂಬಿಕೊಳ್ಳುತ್ತಿತ್ತು. ಅಲ್ಲಿನ ನರಕೋಶಗಳ ಚಟುವಟಿಕೆಯಿಂದ ಆ ಏರಿಕೆಯನ್ನು ಮುನ್ನುಡಿಯಲು ಆಗಲಿಲ್ಲ. ಲಯಬದ್ಧವಾಗಿ ಪ್ರಯೋಗ ನಡೆಸುವವರು ಸರದಿಗಳ ನಡುವಿನ ಅಂತರವನ್ನು ಏರುಪೇರಾಗಿ ಇಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ರಕ್ತ ಹೋಗಿಯೂ ಕಾಣದಿರುವುದು

ಬಲಬದಿಯ ಪರೈಟಲ್ ಭಾಗಕ್ಕೆ ಪಾರ್ಶ್ವವಾಯು ಹೊಡೆದವರಲ್ಲಿ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲವಾಗುತ್ತದೆ. ತಟ್ಟೆಯ ಬಲ ಅರ್ಧ ಮಾತ್ರ ಖಾಲಿಯಾಗುತ್ತದೆ, ಗಡಿಯಾರದ ಚಿತ್ರ ಬರೆಸಿದರೆ ಅಂಕಿಗಳೆಲ್ಲ ಬಲಕ್ಕೆ ತುರುಕಿಕೊಳ್ಳುತ್ತವೆ, ಗೆರೆಯ ನಡುಬಿಂದು ಗುರುತಿಸಿ ಎಂದರೆ ಬಲಕ್ಕೆ ಸರಿದು ಗುರುತಿಸುತ್ತಾರೆ. ಕಣ್ಣು ಸರಿಯಿದೆ, ದೃಷ್ಟಿಯ ಪ್ರದೇಶವೂ ಸರಿಯಿದೆ. ಇದಕ್ಕೆ ಹತ್ತಿರದ ಇನ್ನೊಂದು ತೊಂದರೆಯಲ್ಲಿ, ಎಡಗಡೆ ಒಂದೇ ವಸ್ತು ತೋರಿಸಿದರೆ ಕಾಣುತ್ತದೆ, ಎರಡೂ ಕಡೆ ಒಟ್ಟಿಗೆ ತೋರಿಸಿದರೆ ಎಡಗಡೆಯದು ಅರಿವಿನಿಂದ ಅಳಿದುಹೋಗುತ್ತದೆ. ಅಂಥ ಒಬ್ಬ ರೋಗಿಯನ್ನು 2000ದಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಆತ ಕಾಣಲಿಲ್ಲ ಎಂದ ಎಡಗಡೆಯ ಚಿತ್ರಕ್ಕೂ, ಎಡಗಡೆಯ ನೋಟವನ್ನು ನೋಡಿಕೊಳ್ಳುವ ಬಲ ಮಿದುಳಿನ ದೃಷ್ಟಿ ಪ್ರದೇಶ ಸ್ಪಂದಿಸಿತ್ತು. ಪ್ರಾಥಮಿಕ ಪ್ರದೇಶಕ್ಕೆ ರಕ್ತ ಹೋದರೂ ಗ್ರಹಿಕೆ ಹುಟ್ಟಲಿಲ್ಲ. ಮಚ್ಚೆ ಹೊಳೆದ ಮಾತ್ರಕ್ಕೆ ಆ ವ್ಯಕ್ತಿ ಅದನ್ನು ಅರಿತಿದ್ದಾನೆ ಎನ್ನಲು ಬಾರದು.

ಇದೇ ರೋಗದ ಇನ್ನೊಂದು ಮುಖವನ್ನೂ ಹೇಳಬೇಕು. ಪಾರ್ಶ್ವವಾಯುವಿನ ಮೊದಲ ಗಂಟೆ, ದಿನಗಳಲ್ಲಿ ಬಲ ಪರೈಟಲ್ ಭಾಗದ ಕೆಲವು ಕೋಶಗಳು ಸತ್ತಿರುವುದಿಲ್ಲ, ರಕ್ತ ಸಾಲದೆ ಸುಮ್ಮನಾಗಿರುತ್ತವೆ. ಅಲ್ಲಿಗೆ ಹರಿವು ಮರಳಿದಾಗ ಕೆಲವರಲ್ಲಿ ಎಡಗಡೆಯ ಲೋಕವೂ ಮರಳಿದ್ದು ದಾಖಲಾಗಿದೆ. 100 ಗ್ರಾಂಗೆ ನಿಮಿಷಕ್ಕೆ ಸುಮಾರು 20 ಮಿಲಿಲೀಟರ್‌ಗಿಂತ ಕೆಳಗಿಳಿದರೆ ನರಕೋಶಗಳ ವಿದ್ಯುತ್ ಕೆಲಸ ನಿಲ್ಲುತ್ತದೆ, 10ರ ಸುತ್ತ ಇಳಿದು ನಿಂತರೆ ಕೋಶಗಳು ಸಾಯತೊಡಗುತ್ತವೆ. ಹರಿವು ಪೂರ್ತಿ ನಿಂತರೆ 6ರಿಂದ 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಮಿದುಳಿನಲ್ಲಿ ಆಮ್ಲಜನಕದ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ.

ರಕ್ತ ಹೆಚ್ಚಿಸಿಕೊಂಡರೆ?

ಆರೋಗ್ಯವಾಗಿರುವವರಿಗೆ ಇದರಿಂದ ಲಾಭವಿಲ್ಲ. ಇದಕ್ಕೆ ಕಾಫಿಗಿಂತ ಒಳ್ಳೆಯ ಸಾಕ್ಷಿ ಬೇಡ. 250 ಮಿಲಿಗ್ರಾಂ ಕೆಫೀನ್, ಅಂದರೆ ಎರಡು ಮೂರು ಲೋಟ ಗಟ್ಟಿ ಕಾಫಿ, ಮಿದುಳಿನ ರಕ್ತಹರಿವನ್ನು ಶೇ. 20ರಿಂದ 30ರಷ್ಟು ಇಳಿಸುತ್ತದೆ. ಅದೇ ಹೊತ್ತಿನಲ್ಲಿ ಎಚ್ಚರ ಹೆಚ್ಚುತ್ತದೆ. ಅಡಿನೊಸಿನ್ ಎಂಬ ರಾಸಾಯನಿಕ ನರಕೋಶಗಳನ್ನು ತೂಕಡಿಸುವಂತೆ ಮಾಡುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೆಫೀನ್ ಅದರ ಎರಡೂ ಕೆಲಸಗಳಿಗೆ ಅಡ್ಡಬರುವುದರಿಂದ ಒಂದೇ ಗುಟುಕಿಗೆ ಗಮನ ಮೇಲಕ್ಕೆ, ರಕ್ತ ಕೆಳಕ್ಕೆ.

ತದ್ವಿರುದ್ಧ ಉದಾಹರಣೆ ಇಂಗಾಲದ ಡೈಆಕ್ಸೈಡ್. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಪಾದರಸದ 1 ಮಿಲಿಮೀಟರ್ ಏರಿದರೆ ಮಿದುಳಿನ ಹರಿವು ಶೇ. 3ರಿಂದ 4 ಏರುತ್ತದೆ. ಉಸಿರು ಬಿಗಿಹಿಡಿದರೆ ಇದೇ ಆಗುವುದು. 20 ಸೆಕೆಂಡು ಹಿಡಿದರೆ ಸ್ಕ್ಯಾನರ್‌ನಲ್ಲಿ ಬಹುತೇಕ ಇಡೀ ಬೂದು ಭಾಗ ಬೆಳಗುತ್ತದೆ. ಅದರಿಂದ ಯಾರ ಏಕಾಗ್ರತೆಯೂ ಹೆಚ್ಚಿಲ್ಲ. ಜೋರಾಗಿ, ವೇಗವಾಗಿ ಉಸಿರಾಡುವುದು ಇನ್ನೂ ಕೆಟ್ಟದ್ದು. ಆಮ್ಲಜನಕ ಹೆಚ್ಚು ಸಿಗುತ್ತದೆ ಎಂದು ಜನ ಹಾಗೆ ಮಾಡುತ್ತಾರೆ. ಆದರೆ ಆರೋಗ್ಯವಂತರ ಅಪಧಮನಿಯ ಹಿಮೋಗ್ಲೋಬಿನ್ ಮೊದಲೇ ಶೇ. 95ಕ್ಕಿಂತ ಹೆಚ್ಚು ತುಂಬಿರುತ್ತದೆ, ಹೊಸದಾಗಿ ಸೇರುವುದು ನಗಣ್ಯ. ಹೊರಟುಹೋಗುವುದು ಇಂಗಾಲದ ಡೈಆಕ್ಸೈಡ್. ಅದರ ಒತ್ತಡ ಸಹಜವಾದ 40ರಿಂದ 20ಕ್ಕೆ ಇಳಿದರೆ ಮಿದುಳಿನ ಹರಿವು ಸುಮಾರು ಅರ್ಧವಾಗುತ್ತದೆ. ತಲೆ ಹಗುರಾಗುವುದು, ಬೆರಳು ಜುಮುಗುಡುವುದು, ಕಣ್ಣು ಮಂಜಾಗುವುದು ಅದರಿಂದಲೇ. ಆ ಹಗುರತನವನ್ನು ಮನಸ್ಸು ತಿಳಿಯಾಯಿತು ಎಂದು ಓದಿಕೊಳ್ಳಬೇಡಿ.

ತಲೆಕೆಳಗಾಗಿ ನಿಂತರೆ ಮುಖ ಕೆಂಪೇರುತ್ತದೆ, ಮಿದುಳಿಗೂ ಹಾಗೆಯೇ ರಕ್ತ ತುಂಬುತ್ತದೆ ಎನಿಸುತ್ತದೆ. ಒತ್ತಡ ಏರಿದರೆ ಮಿದುಳಿನ ಕಿರುಧಮನಿಗಳು ಬಿಗಿಯಾಗಿ, ಇಳಿದರೆ ಸಡಿಲವಾಗಿ ಹರಿವನ್ನು ಬಹುಮಟ್ಟಿಗೆ ಸಮವಾಗಿ ಇಡುತ್ತವೆ. ಚರ್ಮದ ನಾಳಗಳಿಗೆ ಆ ಶಿಸ್ತು ಇಲ್ಲ. ತಲೆಕೆಳಗಾದಾಗ ಕಣ್ಣೊಳಗಿನ ಒತ್ತಡ ಮಾತ್ರ ಸುಮಾರು ಎರಡು ಪಟ್ಟಾಗುತ್ತದೆ. ಗ್ಲಾಕೊಮಾ ಇರುವವರು ಇದನ್ನು ಮಾಡಲೇಬಾರದು.

ಕೊರತೆ ಇರುವಲ್ಲಿ ಸರಿಪಡಿಸುವುದು ಬೇರೆ ಮಾತು, ಅದು ಖಂಡಿತ ಫಲ ಕೊಡುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವಷ್ಟು ರಕ್ತದೊತ್ತಡ ಬೀಳುವುದು, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಹತೋಟಿಯಲ್ಲಿಲ್ಲದ ಬಿ.ಪಿ. ಇವೆಲ್ಲ ಗಮನವನ್ನು ಕೆಡಿಸುತ್ತವೆ. ದೀರ್ಘಕಾಲದ ಅಧಿಕ ರಕ್ತದೊತ್ತಡ ಕಿರುಧಮನಿಗಳನ್ನು ಗಡುಸಾಗಿಸಿ, ನರಕೋಶದ ಕರೆಗೆ ಓಗೊಡುವ ಅವುಗಳ ಶಕ್ತಿಯನ್ನೇ ಕುಗ್ಗಿಸುತ್ತದೆ. ನಿದ್ದೆಗೆಟ್ಟವರ ಬಗ್ಗೆ 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದಂತೆ, ಗಮನ ತಪ್ಪಿದ ಆ ಕ್ಷಣಗಳಲ್ಲೇ ಮಿದುಳಿನ ಸುತ್ತಲಿನ ದ್ರವ ಅಲೆಯಾಗಿ ಸರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ರಕ್ತದ ಸಂಕೇತವೂ ಜೊತೆಗೆ ಏರಿಳಿಯುತ್ತದೆ. ಇಂಥ ಅಲೆ ಸಾಮಾನ್ಯವಾಗಿ ನಿದ್ದೆಯಲ್ಲಿ ಕಾಣುವಂಥದ್ದು. ಅಂಥವರಿಗೆ ಬೇಕಿರುವುದು ನಿದ್ದೆ.

ನೀಲಿ ಆಕಾಶದ ಚುಕ್ಕೆಗಳು

ಇವು ಮಿದುಳಿನವಲ್ಲ, ನಿಮ್ಮ ಅಕ್ಷಿಪಟಲದ ಲೋಮನಾಳಗಳಲ್ಲಿ ಓಡುತ್ತಿರುವ ಬಿಳಿ ರಕ್ತಕಣಗಳು. ಸ್ವಂತ ರಕ್ತವನ್ನು ಯಾವ ಉಪಕರಣವೂ ಇಲ್ಲದೆ ನೋಡುವ ಅವಕಾಶ ಇದೊಂದೇ ಎನ್ನಬಹುದು, ಹಾಗಾಗಿ ಸರಿಯಾಗಿ ನೋಡುವ ಕ್ರಮ ಹೇಳುತ್ತೇನೆ.

ಸೂರ್ಯನಿಗೆ ಬೆನ್ನು ಹಾಕಿ, ಮೋಡವಿಲ್ಲದ ನೀಲಿ ಆಕಾಶದ ಅಗಲವಾದ ಪಾಲನ್ನು ಆರಿಸಿಕೊಳ್ಳಿ. ಕಂಪ್ಯೂಟರ್ ಪರದೆ ತುಂಬ ಗಾಢ ನೀಲಿ ಬಣ್ಣ ತುಂಬಿ ಹತ್ತಿರದಿಂದ ನೋಡಿದರೂ ಆದೀತು, ಆದರೆ ಆಕಾಶದಷ್ಟು ಸ್ಪಷ್ಟವಾಗಿರುವುದಿಲ್ಲ. ದೂರದ ಒಂದೇ ಕಡೆಗೆ ದೃಷ್ಟಿ ನೆಟ್ಟು, ಕಣ್ಣು ಅಲುಗಿಸದೆ 10ರಿಂದ 20 ಸೆಕೆಂಡು ಕಾಯಿರಿ. ಸಣ್ಣ ಹೊಳೆಯುವ ಚುಕ್ಕೆಗಳು ಕಾಣಿಸಿಕೊಂಡು, ಕೊಂಕು ದಾರಿಯಲ್ಲಿ ಸರಕ್ಕನೆ ಓಡಿ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮಾಯವಾಗುತ್ತವೆ. ಕೆಲವಕ್ಕೆ ಹಿಂದೆ ಮಸುಕು ಬಾಲ ಇರುತ್ತದೆ. ಈಗ ಮಣಿಕಟ್ಟಿನ ನಾಡಿ ಹಿಡಿಯಿರಿ: ಪ್ರತಿ ಬಡಿತಕ್ಕೂ ಚುಕ್ಕೆಗಳ ಓಟ ಒಂದು ಎಳೆತದಂತೆ ಚುರುಕಾಗುತ್ತದೆ. ನೋಟದ ನಟ್ಟನಡುವೆ, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಒಂದು ಚುಕ್ಕೆಯೂ ಬರುವುದಿಲ್ಲ. ಅತ್ಯಂತ ತೀಕ್ಷ್ಣ ದೃಷ್ಟಿಯ ಆ ತಾಣದಲ್ಲಿ ಲೋಮನಾಳಗಳೇ ಇಲ್ಲ.

ನೀಲಿಯೇ ಏಕೆ ಎಂದರೆ, ಕೆಂಪು ಕಣಗಳಲ್ಲಿನ ಹಿಮೋಗ್ಲೋಬಿನ್ 430 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕೆಂಪು ಕಣಗಳ ಸಾಲು ಹಿಂದಿನ ಬೆಳಕು ಗ್ರಾಹಕಗಳ ಮೇಲೆ ನೆರಳು ಚೆಲ್ಲಿರುತ್ತದೆ. ನೆರಳು ಸ್ಥಿರವಾದ್ದರಿಂದ ಮಿದುಳು ಅದನ್ನು ಅಳಿಸಿಹಾಕಿರುತ್ತದೆ. ಸಾಲಿನಲ್ಲಿ ಹೀರದ ಬಿಳಿಕಣ ಒಂದು ಕಿಂಡಿಯಂತೆ ಬಂದಾಗ ಆ ನೆರಳಿನಲ್ಲಿ ಬೆಳಕಿನ ತೂತು ಸರಿದುಹೋಗುತ್ತದೆ. ಚಲಿಸುವುದನ್ನು ಮಿದುಳು ಅಳಿಸಲಾರದು.

ಈ ಚುಕ್ಕೆಗಳು ನೀವು ಆಕಾಶ ನೋಡಿದಾಗಲೆಲ್ಲ ಇದ್ದವು. ಗಮನ ಅಲ್ಲಿಗೆ ತಿರುಗುವವರೆಗೆ ಕಾಣಲಿಲ್ಲ. ತಪ್ಪಾಗುವುದು ಸಾಮಾನ್ಯವಾಗಿ ಒಂದೇ ಕಡೆ: ತೇಲುವ ಕಪ್ಪು ಎಳೆಗಳನ್ನು ಇವೆಂದು ತಿಳಿಯುವುದು. ಆ ಎಳೆಗಳು ಕಣ್ಣು ತಿರುಗಿಸಿದಾಗ ತಡವಾಗಿ ಹಿಂಬಾಲಿಸಿ ಜಾರುತ್ತವೆ, ನಾಡಿಗೆ ಸ್ಪಂದಿಸುವುದಿಲ್ಲ. ಅಂಥ ಕಪ್ಪು ಎಳೆಗಳು ಇದ್ದಕ್ಕಿದ್ದಂತೆ ಸುರಿಮಳೆಯಾಗಿ ಬಂದರೆ, ಮಿಂಚು ಕಂಡರೆ, ಪರದೆ ಎಳೆದಂತಾದರೆ ಅದು ಅಕ್ಷಿಪಟಲ ಕಳಚುತ್ತಿರುವ ಸೂಚನೆಯಿರಬಹುದು. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಬಣ್ಣದ ಚಿತ್ರ ಓದುವಾಗ

ಕೆಂಪು ಮಚ್ಚೆ ರಕ್ತದ ಪ್ರಮಾಣವನ್ನು ತೋರಿಸುವುದಿಲ್ಲ. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ಎಷ್ಟು ನಂಬಲರ್ಹ ಎಂಬ ಸಂಖ್ಯಾಶಾಸ್ತ್ರದ ಅಳತೆಗೆ ಹಚ್ಚಿದ ಬಣ್ಣ ಅದು. ಬಣ್ಣವಿಲ್ಲದ ಜಾಗವೂ ಭರ್ತಿ ರಕ್ತ ಪಡೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ್ದು, ಯಾವುದಕ್ಕೆ ಹೋಲಿಸಿ? ಮುಖವನ್ನು ಖಾಲಿ ಪರದೆಗೆ ಹೋಲಿಸಿದರೆ ಅರ್ಧ ಮಿದುಳು ಬೆಳಗಬಹುದು, ಮನೆಗೆ ಹೋಲಿಸಿದರೆ ಬೆರಳ ತುದಿಯಷ್ಟು ಜಾಗ ಉಳಿಯಬಹುದು. ಎರಡನೆಯದು, ಎಷ್ಟು ಬಿಂದುಗಳನ್ನು ಪರೀಕ್ಷಿಸಿ, ಅದಕ್ಕೆ ತಕ್ಕ ತಿದ್ದುಪಡಿ ಮಾಡಿದ್ದಾರೆಯೇ? 3 ಮಿಲಿಮೀಟರ್ ಘನಗಳಾಗಿ ಕತ್ತರಿಸಿದ ಚಿತ್ರದಲ್ಲಿ ಹತ್ತಾರು ಸಾವಿರ ಬಿಂದುಗಳಿರುತ್ತವೆ. ತಿದ್ದುಪಡಿ ಇಲ್ಲದಿದ್ದರೆ ಆಕಸ್ಮಿಕವಾಗಿಯೇ ಕೆಲವು ಹೊಳೆಯುತ್ತವೆ. 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಜನರ ಚಿತ್ರ ತೋರಿಸಿ, ತಿದ್ದುಪಡಿಯಿಲ್ಲದೆ ವಿಶ್ಲೇಷಿಸಿದಾಗ ಅದರ ಮಿದುಳಿನಲ್ಲೂ ಮಚ್ಚೆ ಬಂದದ್ದು ಸಂಶೋಧಕರಿಗೆಲ್ಲ ಪಾಠವಾಯಿತು. ಮೂರನೆಯದು, ತಲೆ ಅಲುಗಿದ್ದು ಎಷ್ಟು, ಉಸಿರಿನ ಲಯ ಕೆಲಸದ ಜೊತೆ ಬದಲಾಯಿತೇ? ಗಮನ ಕೊಡುವಾಗ ಜನ ತಿಳಿಯದೆ ಉಸಿರು ಹಿಡಿಯುತ್ತಾರೆ. ಆಗ ಏರುವ ಇಂಗಾಲದ ಡೈಆಕ್ಸೈಡ್ ಗಮನದ್ದೇ ಪರಿಣಾಮ ಎಂಬಂತೆ ವೇಷ ಹಾಕುತ್ತದೆ.

ಹಣೆಗೆ ಕಟ್ಟಿಕೊಂಡು ಏಕಾಗ್ರತೆ ಅಳೆಯುವ ಪಟ್ಟಿಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಬೆಳಕಿನಿಂದ ಅಳೆಯುವಂಥವು 700ರಿಂದ 900 ನ್ಯಾನೋಮೀಟರ್‌ನ ಅತಿಗೆಂಪು ಕಿರಣವನ್ನು ಚರ್ಮದೊಳಕ್ಕೆ ಬಿಟ್ಟು, ಸುಮಾರು 3 ಸೆಂಟಿಮೀಟರ್ ಆಚೆ ಹಿಡಿಯುತ್ತವೆ. ಅದು ತಲುಪುವ ಆಳ ಒಂದೂವರೆ ಸೆಂಟಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನ ದೂರ ಹಣೆಯ ಚರ್ಮ ಮತ್ತು ಮೂಳೆಯದ್ದೇ. ಹಣೆ ಬೆಚ್ಚಗಾದರೂ, ಹುಬ್ಬು ಗಂಟಿಕ್ಕಿದರೂ, ಹಲ್ಲು ಕಚ್ಚಿದರೂ ಅಂಕಿ ಏರುತ್ತದೆ. ಚರ್ಮದ ಪಾಲನ್ನು ಕಳೆಯಲು 1 ಸೆಂಟಿಮೀಟರ್‌ಗಿಂತ ಹತ್ತಿರದ ಇನ್ನೊಂದು ಸಂವೇದಕ ಬೇಕು. ಅದಿಲ್ಲದ ಪಟ್ಟಿಯನ್ನು ಪರೀಕ್ಷಿಸುವುದು ಸುಲಭ: ಏನೂ ಯೋಚಿಸದೆ, ಎರಡು ನಿಮಿಷ ಹಣೆಗೆ ಬೆಚ್ಚನೆಯ ಒದ್ದೆ ಬಟ್ಟೆ ಒತ್ತಿ ತೆಗೆದು, ಪಟ್ಟಿ ಕಟ್ಟಿಕೊಳ್ಳಿ. ಏಕಾಗ್ರತೆಯ ಅಂಕ ಜಿಗಿದರೆ ಅದು ಅಳೆಯುತ್ತಿರುವುದು ನಿಮ್ಮ ಹಣೆಯ ಚರ್ಮವನ್ನು.